ಮಳೆಗಾಲದಲ್ಲಿ ಜಾಮ್ ಆದ ಲಾನ್ ಮೊವರ್ ಎಂಜಿನ್ ಬಿಡಿಸುವುದು ಹೇಗೆ?

ಕೈಲ್‌ಪೊಳ್ದ್ ಹಬ್ಬ ಮುಗಿದು ಮಳೆ ಇಳಿಮುಖವಾಗುವ ಹೊತ್ತಿಗೆ ಕೊಡಗಿನ ತೋಟದ ಬಂಗಲೆಗಳ, ಹೋಂಸ್ಟೇಗಳ ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಜೂನ್‌ನಿಂದ ಶೆಡ್ಡಿನಲ್ಲೇ ನಿಂತಿದ್ದ, ಕುಳಿತು ಓಡಿಸುವ ಹಳೆಯ ಮೊವರ್‌ನ ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಒಂದೇ ಸದ್ದು ಬಂದು ಎಂಜಿನ್ ಅಲುಗಾಡದಿದ್ದರೆ, ತೆರೆದುಕೊಂಡಿದ್ದ ವಾಲ್ವಿನ ಮೂಲಕ ಒಳಹೊಕ್ಕ ತೇವವು ಪಿಸ್ಟನ್ ರಿಂಗುಗಳನ್ನು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಸಿರುವ ಸಾಧ್ಯತೆಯೇ ಹೆಚ್ಚು.

ಆದರೆ ಬ್ಯಾಟರಿ ಇಳಿದಿದ್ದರೂ ಅದೇ ಸದ್ದು ಬರುತ್ತದೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬ್ಲೇಡಿಗೆ ಹಗ್ಗವೋ ತಂತಿಯೋ ಸುತ್ತಿದೆಯೇ ಎಂದು ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನನ್ನು ಕೈಯಿಂದ ತಿರುಗಿಸಲು ಪ್ರಯತ್ನಿಸಬೇಕು. ಪ್ಲಗ್ ತೂತಿನಿಂದ ಪೆಟ್ರೋಲ್ ಅಥವಾ ನೀರು ಹೊರಬಂದು ಎಂಜಿನ್ ತಿರುಗಿದರೆ ಅದು ಜಾಮ್ ಆಗಿರಲಿಲ್ಲ, ಒಳಗೆ ದ್ರವ ತುಂಬಿತ್ತು ಅಷ್ಟೆ. ಆಯಿಲ್ ಇಲ್ಲದೆ ಓಡಿ, ಬಿಸಿಯಾಗಿ ಕಚ್ಚಿಕೊಂಡ ಎಂಜಿನ್‌ಗೆ ಮಾತ್ರ ಮುಂದಿನ ಉಪಾಯ ಸಾಮಾನ್ಯವಾಗಿ ಫಲಿಸದು, ಅದನ್ನು ಬಿಚ್ಚಲೇಬೇಕು.

ತುಕ್ಕಿನ ಜಾಮ್‌ಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮತ್ತು ಅಸಿಟೋನನ್ನು ಸಮಪಾಲು ಸೇರಿಸಿ ಬಳಸುವವರಿದ್ದಾರೆ. ಇವೆರಡೂ ಬೇಗ ಬೇರ್ಪಡುವುದರಿಂದ ಸುರಿಯುವಾಗಲೆಲ್ಲ ಕುಲುಕಬೇಕು. ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು. ಅಸಿಟೋನ್ ಸಿಗದಿದ್ದರೆ ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದರೂ ಆದೀತು, ನಿಧಾನವಾಗುತ್ತದೆ. ಅನೇಕರು ಎಡವುವುದು ಸುರಿಯುವ ಕ್ರಮದಲ್ಲಿ. ಇಂಥ ಯಂತ್ರಗಳಲ್ಲಿ ಬಹುಪಾಲಿಗೆ ಎಂಜಿನ್ನಿನ ತಿರುಗುವ ದಂಡ, ಅಂದರೆ ಶಾಫ್ಟ್, ನೆಟ್ಟಗೆ ನಿಂತು ಸಿಲಿಂಡರ್ ಅಡ್ಡ ಮಲಗಿರುತ್ತದೆ. ಪ್ಲಗ್ ತೂತಿಗೆ ಈ ಮಿಶ್ರಣದ ಎಣ್ಣೆಯನ್ನು ಎರಡು ಚಮಚ ಬಿಟ್ಟರೆ ಅದು ಕೆಳಬದಿಯಲ್ಲಷ್ಟೇ ನಿಂತು, ರಿಂಗಿನ ಮೇಲ್ಭಾಗ ಒಣಗಿಯೇ ಉಳಿಯುತ್ತದೆ. ಹೀಗಾಗಿ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ಇಳಿಸಿ, ಪ್ಲಗ್ ಇರುವ ಬದಿಯನ್ನು ಗಟ್ಟಿಯಾದ ಮರದ ದಿಮ್ಮಿಯ ಮೇಲೆ ಇಬ್ಬರು ಸೇರಿ ಎತ್ತಿಟ್ಟು, ತೂತಿನ ಅಂಚಿನವರೆಗೂ ಎಣ್ಣೆ ತುಂಬಬೇಕು. ದಿನವೂ ಮಟ್ಟ ನೋಡಿ ತುಂಬುತ್ತ ಮೂರು ದಿನವಾದರೂ, ಬೇಕಾದರೆ ವಾರವಿಡೀ ನೆನೆಯಲು ಬಿಡಬೇಕು.

ಬಳಿಕ ಮೇಲಿನ ಮುಚ್ಚಳ ತೆಗೆದು (ಅಲ್ಲಿ ಇಲಿಗೂಡು ಸಿಕ್ಕರೆ ಆಶ್ಚರ್ಯಪಡಬೇಡಿ) ಶಾಫ್ಟಿನ ಮೇಲ್ತುದಿಯ ಭಾರದ ಚಕ್ರವಾದ ಫ್ಲೈವೀಲಿನ ನಟ್ಟಿಗೆ ಸಾಕೆಟ್ ಹಾಗೂ ಉದ್ದನೆಯ ಹಿಡಿ ತೊಡಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒತ್ತಡ ಕೊಡಬೇಕು. ವಿರುದ್ಧ ದಿಕ್ಕಿನಲ್ಲಿ ಬಲವಾಗಿ ಎಳೆದರೆ ನಟ್ಟೇ ಸಡಿಲವಾಗುತ್ತದೆ. ಫ್ಲೈವೀಲಿನ ರೆಕ್ಕೆಗಳಿಗೆ ಸುತ್ತಿಗೆ ತಾಗಿಸಲೇಬಾರದು, ಅವು ಮುರಿಯುತ್ತವೆ. ಕೂದಲೆಳೆಯಷ್ಟು ಜರುಗಿದರೂ ಗೆದ್ದಂತೆ: ಫ್ಲೈವೀಲನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ಮೆಲ್ಲಗೆ ಅಲುಗಿಸಿ, ಮತ್ತೆ ಎಣ್ಣೆ ಬಿಟ್ಟು ಮುಂದುವರಿಸಬೇಕು. ವಾರದ ನಂತರವೂ ಕದಲದಿದ್ದರೆ ಸಿಲಿಂಡರಿನ ತುದಿಯನ್ನು ಮುಚ್ಚುವ ಹೆಡ್ ಬಿಚ್ಚಿ, ಪಿಸ್ಟನ್ ತೀರಾ ತುದಿಯಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಅದರ ಮೇಲೆ ಮರದ ತುಂಡಿಟ್ಟು ಹಗುರವಾಗಿ ಬಡಿಯಬಹುದು. ಹೆಡ್ ಮತ್ತೆ ಜೋಡಿಸುವಾಗ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಬೇಕು.

ಸಲೀಸಾಗಿ ತಿರುಗತೊಡಗಿದ ಮೇಲೆ ಪ್ಲಗ್ ಹಾಕದೆಯೇ ಹಲವು ಸುತ್ತು ತಿರುಗಿಸಿ ಒಳಗಿನ ಎಣ್ಣೆ ಹೊರಹಾಕಬೇಕು. ಮುಖವನ್ನು ತೂತಿನ ಎದುರು ಹಿಡಿಯಬೇಡಿ. ನೆನೆಹಾಕಿದ ಎಣ್ಣೆ ರಿಂಗು ದಾಟಿ ಕೆಳಗಿಳಿದಿರುವುದರಿಂದ ಎಂಜಿನ್ ಆಯಿಲನ್ನು ಪೂರ್ತಿ ಬದಲಿಸಿ, ಹೊಸ ಪೆಟ್ರೋಲ್ ತುಂಬಿ, ಬಯಲಿನಲ್ಲಿ ಸ್ಟಾರ್ಟ್ ಮಾಡಬೇಕು. ಮೊದಲ ಕೆಲವು ನಿಮಿಷ ದಟ್ಟ ಬಿಳಿ ಹೊಗೆ ಬರುವುದು ಸಹಜ. ಒಂದು ಗಂಟೆ ಓಡಿದ ಮೇಲೆ ಆಯಿಲನ್ನು ಇನ್ನೊಮ್ಮೆ ಬದಲಿಸಿ.

ಮುಂದಿನ ಮೇ ತಿಂಗಳಲ್ಲಿ ಯಂತ್ರವನ್ನು ಶೆಡ್ಡಿಗೆ ಸೇರಿಸುವಾಗ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ನಾಲ್ಕು ಸುತ್ತು ತಿರುಗಿಸಿ, ಪ್ಲಗ್ ಹಾಕಿ, ಕೈಗೆ ಬಿಗಿ ತಗಲುವ ಜಾಗದಲ್ಲಿ ಎಂಜಿನ್ ನಿಲ್ಲಿಸಿ. ಆಗ ಎರಡೂ ವಾಲ್ವುಗಳು ಮುಚ್ಚಿರುತ್ತವೆ.