ದೊಡ್ಡ ಎಸ್‌ಯುವಿಗೆ ಫೋರ್ ಬೈ ಫೋರ್ ಬೇಕಾ? ಬುಕಿಂಗ್‌ಗೆ ಮೊದಲು ಹೀಗೆ ನೋಡಿ

ಫಾರ್ಚುನರ್, ಸ್ಕಾರ್ಪಿಯೊ-ಎನ್, ಥಾರ್ ರಾಕ್ಸ್. ಯಾವುದನ್ನು ನೋಡಲು ಹೋದರೂ ಶೋರೂಮಿನಲ್ಲಿ ಒಂದು ಪ್ರಶ್ನೆ ಕಾದಿರುತ್ತದೆ: ಫೋರ್ ಬೈ ಟೂ ಸಾಕಾ, ಫೋರ್ ಬೈ ಫೋರ್ ಬೇಕಾ? ಅಂದರೆ, ಎಂಜಿನ್ನಿನ ಬಲ ಎರಡು ಚಕ್ರಕ್ಕೆ ಹೋದರೆ ಸಾಕಾ, ನಾಲ್ಕಕ್ಕೂ ಹೋಗಬೇಕಾ? ಟೂ ವೀಲ್ ಡ್ರೈವ್ ಗಾಡಿ ಕೊಂಡ ಮೇಲೆ ಅದನ್ನು ಫೋರ್ ವೀಲ್ ಮಾಡಿಸುವುದು ಆಗದ ಮಾತು. ಆದ್ದರಿಂದ ಈ ಲೆಕ್ಕ ಮೊದಲೇ ಮುಗಿಯಬೇಕು.

ಹಂತ 1: ನಿಮ್ಮ ದಾರಿಯ ಅತಿ ಕೆಟ್ಟ ತುಂಡು ಯಾವುದು?

ವರ್ಷವಿಡೀ ಓಡಾಡುವ ಜಾಗಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಗಾಡಿ ನಿಂತೇಬಿಡಬಹುದಾದ ತುಂಡು ಎಲ್ಲಿದೆ ನೋಡಿ. ಘಾಟಿ ರಸ್ತೆ ಎಂದ ಕೂಡಲೇ ಫೋರ್ ಬೈ ಫೋರ್ ಬೇಕು ಎನ್ನುವವರಿದ್ದಾರೆ. ಅದು ಸರಿಯಲ್ಲ. ಆಗುಂಬೆಯ 14 ತಿರುವುಗಳನ್ನು ಟೂ ವೀಲ್ ಡ್ರೈವ್ ಕಾರುಗಳು ಮಳೆಗಾಲದಲ್ಲೂ ದಿನವೂ ಹತ್ತುತ್ತವೆ. ಡಾಂಬರು ಅಥವಾ ಕಾಂಕ್ರೀಟ್ ಇದ್ದರೆ ಎರಡು ಚಕ್ರ ಸಾಕು.

ಕಷ್ಟ ಶುರುವಾಗುವುದು ಮುಖ್ಯರಸ್ತೆ ಬಿಟ್ಟ ಮೇಲೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಕಾಫಿ ತೋಟದ ಮನೆಗೆ ಹೋಗುವ ಮಣ್ಣಿನ ಏರು ಜುಲೈನಲ್ಲಿ ಹೇಗಿರುತ್ತದೆ ಎಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದ ಎರೆ ಮಣ್ಣು ಇನ್ನೊಂದು ಬಗೆ. ನೆಲ ಸಮತಟ್ಟಾಗಿದ್ದರೂ, ಒಂದು ಮಳೆ ಬಿದ್ದರೆ ಮಣ್ಣು ಟೈರಿನ ಗೆರೆಗಳನ್ನೆಲ್ಲ ತುಂಬಿಬಿಡುತ್ತದೆ. ಆಮೇಲೆ ಚಕ್ರ ಸುಮ್ನೆ ಸುತ್ತುತ್ತದೆ, ಗಾಡಿ ಕದಲುವುದಿಲ್ಲ. ಇಂಥ ದಾರಿ ನಿಮ್ಮ ಮನೆಗೋ ಹೊಲಕ್ಕೋ ಹೋಗುವ ಏಕೈಕ ದಾರಿಯಾಗಿದ್ದರೆ, ನನ್ನ ಪ್ರಕಾರ ಚರ್ಚೆ ಮುಗಿಯಿತು, ಫೋರ್ ಬೈ ಫೋರ್ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಮಾಂದಲಪಟ್ಟಿ ನೋಡುವ ಆಸೆಯಷ್ಟೇ ಇದ್ದರೆ ಮಡಿಕೇರಿಯಲ್ಲಿ ಬಾಡಿಗೆ ಜೀಪುಗಳಿವೆ. ಆ ದಾರಿಯ ಗುಂಡಿ, ತಿರುವುಗಳೆಲ್ಲ ಗೊತ್ತಿರುವ ಚಾಲಕರೇ ಕರೆದುಕೊಂಡು ಹೋಗುತ್ತಾರೆ.

ಹಂತ 2: ಎರಡು ಚಕ್ರ ಅಂದರೆ ಯಾವ ಎರಡು?

ಇದನ್ನು ಕೇಳುವವರು ಕಡಿಮೆ, ಆದರೆ ಕೇಳಲೇಬೇಕು. ಫಾರ್ಚುನರ್, ಸ್ಕಾರ್ಪಿಯೊ-ಎನ್ ಗಾಡಿಗಳ ಫೋರ್ ಬೈ ಟೂನಲ್ಲಿ ಹಿಂದಿನ ಚಕ್ರಗಳು ತಳ್ಳುತ್ತವೆ. ಟಾಟಾ ಸಫಾರಿ, ಇನ್ನೋವಾ ಹೈಕ್ರಾಸ್‌ನಲ್ಲಿ ಮುಂದಿನ ಚಕ್ರಗಳು ಎಳೆಯುತ್ತವೆ. ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಮೂರನೇ ಸಾಲಿನಲ್ಲೂ ಜನ ಕೂತು, ಲಗೇಜೂ ಇದ್ದರೆ ಇನ್ನೂ ಜಾಸ್ತಿ. ಆಗ ಹಿಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮುಂದಿನದು ಹಗುರಾಗಿ ಜಾರುತ್ತದೆ. ಹಾಗಾಗಿ ತುಂಬಿದ ಗಾಡಿಯಲ್ಲಿ ಕಡಿದಾದ ಏರು ಹತ್ತುವವರಿಗೆ ಹಿಂದಿನ ಚಕ್ರದ ಡ್ರೈವ್ ವಾಸಿ.

ಹಂತ 3: ನಾಲ್ಕರಲ್ಲೂ ಎರಡು ಬಗೆ

ಎಕ್ಸ್‌ಯುವಿ 700ರಲ್ಲಿ ಬಂದ ಆಲ್ ವೀಲ್ ಡ್ರೈವ್ ತಾನಾಗಿಯೇ ಕೆಲಸ ಮಾಡುತ್ತದೆ. ಒದ್ದೆ ರಸ್ತೆಗೆ, ಸ್ವಲ್ಪ ಕೆಸರಿಗೆ ಅದು ಸಾಕು. ಫಾರ್ಚುನರ್‌ನಂಥದ್ದರಲ್ಲಿ ಚಾಲಕರೇ ಎಚ್2 (ಎರಡು ಚಕ್ರ), ಎಚ್4 (ನಾಲ್ಕು ಚಕ್ರ), ಎಲ್4 (ನಾಲ್ಕು ಚಕ್ರ, ಲೋ ಗೇರು) ಎಂದು ಆರಿಸಬೇಕು.

ಈ ಎಲ್4, ಅಂದರೆ ಲೋ ಗೇರು, ಬಹಳ ಬೆಲೆಬಾಳುವ ಸೌಲಭ್ಯ. ಅದನ್ನು ಹಾಕಿದರೆ ಗಾಡಿ ತುಂಬ ನಿಧಾನವಾಗಿ, ತುಂಬ ಬಲದಿಂದ ಚಲಿಸುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಇದರ ಉಪಕಾರ ದೊಡ್ಡದು. ಎರಡು ಟನ್ ಆಸುಪಾಸಿನ ಗಾಡಿ ಒದ್ದೆ ಮಣ್ಣಿನ ಇಳಿಜಾರಿನಲ್ಲಿದ್ದಾಗ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರಬಹುದು. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನವಾಗಿ ಇಳಿಸುತ್ತದೆ. ತೋಟದ ದಾರಿಯವರು ಲೋ ಗೇರು ಇಲ್ಲದ ಗಾಡಿಗೆ ಹೆಚ್ಚು ಹಣ ಕೊಡುವ ಮೊದಲು ಎರಡು ಸಲ ಯೋಚಿಸಿ.

ಒಂದು ಎಚ್ಚರಿಕೆ. ಚಾಲಕರೇ ಆರಿಸುವ ಇಂಥ ಗಾಡಿಗಳನ್ನು ಒಣ ಡಾಂಬರಿನ ಮೇಲೆ ಎಚ್4ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದಾಗ ಅದು ಆಗುವುದಿಲ್ಲ. ಸ್ಟೀರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಒಳಗಿನ ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಹಂತ 4: ಖರ್ಚು

ಫಾರ್ಚುನರ್, ಸ್ಕಾರ್ಪಿಯೊ-ಎನ್, ಥಾರ್ ರಾಕ್ಸ್ ಮೂರರಲ್ಲೂ ಫೋರ್ ಬೈ ಫೋರ್ ಸಿಗುವುದು ಡೀಸೆಲ್‌ನಲ್ಲಿ ಮಾತ್ರ. ಬೆಲೆಯ ಅಂತರ ಲಕ್ಷಗಳಲ್ಲಿರುತ್ತದೆ. ಅದರ ಮೇಲೆ ತೆರಿಗೆಯೂ ಇದೆ, ಅಲ್ವಾ? ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18. ಅಂತರ 3 ಲಕ್ಷವಾದರೆ ತೆರಿಗೆಯೇ 54,000 ರೂಪಾಯಿ ಹೆಚ್ಚುತ್ತದೆ. ವಿಮೆಯೂ ಏರುತ್ತದೆ. ತೂಕ ಹೆಚ್ಚಾದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಸರ್ವಿಸ್‌ನಲ್ಲಿ ಬದಲಿಸಬೇಕಾದ ಆಯಿಲ್‌ಗಳೂ ಜಾಸ್ತಿ. ನಾಲ್ಕು ಟೈರೂ ಹೆಚ್ಚುಕಡಿಮೆ ಒಂದೇ ಸಮ ಸವೆದಿರಬೇಕು. ಒಂದು ಹಾಳಾದರೆ ಒಂದನ್ನೇ ಹೊಸದು ಹಾಕಿಸುವುದು ಒಳ್ಳೆಯದಲ್ಲ.

ಹಂತ 5: ಟೈರಿನ ಕಡೆ ನೋಡಿ

ಕಂಪನಿಯಿಂದ ಬರುವ ಟೈರು ಹೆಚ್ಚಾಗಿ ಹೆದ್ದಾರಿಗೆಂದೇ ಮಾಡಿದ್ದು. ಕೆಸರಿನಲ್ಲಿ ಅದರ ಗೆರೆ ಬೇಗ ಮುಚ್ಚಿಹೋಗುತ್ತದೆ. ಮನೆ ಮುಂದಿನ ಐವತ್ತು ಅಡಿ ಮಾತ್ರ ಕಷ್ಟ ಅನ್ನುವವರು ಫೋರ್ ಬೈ ಟೂ ಕೊಂಡು ಒಳ್ಳೆಯ ಆಲ್ ಟೆರೇನ್ (ಮಣ್ಣಿನ ದಾರಿಗೂ ಆಗುವ) ಟೈರು ಹಾಕಿಸಿ ನೋಡಬಹುದು. ಆ ಐವತ್ತು ಅಡಿಗೆ ಜಲ್ಲಿ ಹೊಡೆಸಿದರೆ ಇನ್ನೂ ಒಳ್ಳೆಯದು. ಆಲ್ ಟೆರೇನ್ ಟೈರಿನಿಂದ ಹೆದ್ದಾರಿಯಲ್ಲಿ ಸದ್ದು ತುಸು ಹೆಚ್ಚುತ್ತದೆ.

ಮನೆಯವರ ಸುರಕ್ಷತೆಗೆಂದೇ ಫೋರ್ ಬೈ ಫೋರ್ ಕೊಳ್ಳುವವರಿಗೆ ಇದನ್ನು ಒತ್ತಿ ಹೇಳಬೇಕು. ನಾಲ್ಕು ಚಕ್ರದ ಡ್ರೈವ್ ಗಾಡಿಯನ್ನು ಮುಂದೆ ಸಾಗಿಸುತ್ತದೆ, ಬೇಗ ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಒದ್ದೆಯಾದ ಶಿರಾಡಿ ಘಾಟಿಯಲ್ಲಿ ನಿಮ್ಮನ್ನು ಕಾಯುವುದು ಒಳ್ಳೆಯ ಟೈರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಮತ್ತು ಕಡಿಮೆ ವೇಗ.

ಹಂತ 6: ಕೊಂಡ ಮೇಲೆ ಬಳಸಿ

ಫೋರ್ ಬೈ ಫೋರ್ ತೆಗೆದುಕೊಂಡರೆ ಡೆಲಿವರಿ ದಿನವೇ ಮೋಡ್ ಬದಲಿಸುವುದನ್ನು ಕಲಿತುಕೊಳ್ಳಿ. ಲೋ ಗೇರಿಗೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟೇ ಹೋಗಬೇಕು. ಮಳೆಗಾಲ ಬರಲಿ ಎಂದು ಕಾಯದೆ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಓಡಿಸಿ. ಒಳಗಿನ ಭಾಗಗಳಿಗೆ ಆಯಿಲ್ ಹರಡುತ್ತದೆ. ಎಷ್ಟು ದೂರ ಓಡಿಸಬೇಕು ಎಂಬುದನ್ನು ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ನೋಡಿಕೊಳ್ಳಿ.