ಖಾಲಿ ಕಾಫಿ ಗೋದಾಮಿನಲ್ಲಿ ಎಕೋ ಚೇಂಬರ್

ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊ ಶುರುವಾದದ್ದು 1931ರಲ್ಲಿ. ಬೀಟಲ್ಸ್ ಹಾಡುತ್ತಿದ್ದ ಎರಡನೇ ಸ್ಟುಡಿಯೊಗೆ ಸೇರಿದಂತೆ ಅಲ್ಲೊಂದು ಬರಿಗೋಡೆಯ ಕೋಣೆ. ಒಳಗಿರುವುದು ಸ್ಪೀಕರ್, ಮೈಕು, ನೆಟ್ಟಗೆ ನಿಲ್ಲಿಸಿದ ಚರಂಡಿ ಪೈಪುಗಳು, ಅಷ್ಟೇ. ಹಾಡಿನ ದನಿಯನ್ನು ಸ್ಪೀಕರಿನಲ್ಲಿ ನುಡಿಸಿ, ಗೋಡೆಗೆ ಬಡಿದು ಬರುವ ಮಾರ್ದನಿಯನ್ನು ಮೈಕಿನಲ್ಲಿ ಹಿಡಿದು ಹಾಡಿಗೆ ಬೆರೆಸುವ ಇಂಥ ಕೋಣೆಯೇ ಎಕೋ ಚೇಂಬರ್. ವೇಲ್ಸಿನ ರಾಕ್‌ಫೀಲ್ಡ್ ಮೊದಲು ಹಸು ಸಾಕುತ್ತಿದ್ದ ಜಮೀನು. 1960ರ ದಶಕದಲ್ಲಿ ವಾರ್ಡ್ ಸೋದರರು ಅದನ್ನು ಸ್ಟುಡಿಯೊ ಮಾಡಿದರು, 1975ರಲ್ಲಿ ಕ್ವೀನ್ ತಂಡ ಅಲ್ಲಿ ರೆಕಾರ್ಡಿಂಗ್ ಮಾಡಿತು. ಅಬ್ಬೆ ರೋಡಿನದಂಥ ಬರಿಗೋಡೆಯ ಕೋಣೆ ಕೊಡಗಿನ ಎಷ್ಟೋ ಕಾಫಿ ತೋಟಗಳಲ್ಲಿ ಗೋದಾಮಿನ ರೂಪದಲ್ಲಿ ಈಗಾಗಲೇ ಇದೆ.

10×12 ಅಡಿಯ, ಕಾಂಕ್ರೀಟ್ ತಾರಸಿಯ, ಸಿಮೆಂಟ್ ಗಿಲಾವು ಮಾಡಿದ ಕೋಣೆ ಆರಿಸಿ. ಹಂಚಿನ ಮಾಡು, ತಗಡಿನ ಮಾಡು ಬೇಡ. ಒಂದೂ ಗೋಣಿಚೀಲ ಉಳಿಯದಂತೆ ಖಾಲಿ ಮಾಡಿ. ಚೀಲ ದನಿಯನ್ನು ಹೀರುತ್ತದೆ. ಆ ಚೀಲಗಳನ್ನು ಡ್ರಮ್ಸ್ ಬಾರಿಸುವ ಕೋಣೆಯ ಗೋಡೆಗೆ ಒಟ್ಟಿದರೆ ಅಲ್ಲಿ ಉಪಕಾರ.

ನಡುವೆ ನಿಂತು ಚಪ್ಪಾಳೆ ತಟ್ಟಿ. ದನಿ ನಯವಾಗಿ ಎರಡು ಸೆಕೆಂಡು ಇಳಿದರೆ ಸರಿ. 'ಟರ್ರ್' ಎಂದು ನಡುಗಿದರೆ ಎದುರುಬದುರು ಗೋಡೆಗಳ ನಡುವೆ ದನಿ ಪುಟಿಯುತ್ತಿದೆ ಎಂದರ್ಥ. ಅಬ್ಬೆ ರೋಡಿನ ಪೈಪುಗಳು ಇದ್ದದ್ದು ದನಿಯನ್ನು ಚದುರಿಸಲಿಕ್ಕೇ. 6 ಮತ್ತು 9 ಇಂಚಿನ ಸಿಮೆಂಟ್ ಪೈಪುಗಳನ್ನು ಅಲ್ಲಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿ. ಪಿವಿಸಿ ಆದರೆ ಮರಳು ತುಂಬಲೇಬೇಕು, ಇಲ್ಲದಿದ್ದರೆ ಪೈಪೇ ಹಾಡಲು ತೊಡಗುತ್ತದೆ.

8 ಇಂಚಿನ ಪವರ್ಡ್ ಸ್ಪೀಕರನ್ನು (ಆಂಪ್ಲಿಫೈಯರ್ ಒಳಗೇ ಇರುವಂಥದ್ದು) ಮೂಲೆಯತ್ತ ಮುಖ ಮಾಡಿ, ಗೋಡೆಯಿಂದ ಎರಡಡಿ ದೂರ ಇಡಿ. ಎದುರು ತುದಿಯಲ್ಲಿ ಎರಡು ಕಂಡೆನ್ಸರ್ ಮೈಕು, ಒಂದಕ್ಕೊಂದು ಆರಡಿ ಅಂತರ, ಮುಖ ಗೋಡೆಗೆ. ಸ್ಪೀಕರಿನ ದನಿ ನೇರವಾಗಿ ಮೈಕಿಗೆ ತಲುಪಿದರೆ ಎಕೋ ತೆಳುವಾಗುತ್ತದೆ. ಬಾಗಿಲ ಚಿಲಕ, ಕಿಟಕಿ ಗಾಜು ಕಂಪಿಸುತ್ತವೆಯೇ ಎಂದು 40ರಿಂದ 400 ಹರ್ಟ್ಸ್‌ವರೆಗೆ ಟೋನ್ ಓಡಿಸಿ ನೋಡಿ, ಬಟ್ಟೆ ತುರುಕಿ ಬಿಗಿಮಾಡಿ.

ಮೈಕು, ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ 3ನೇ ಔಟ್‌ಪುಟ್‌ನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲವನ್ನು ತಡೆಯುವಂಥದ್ದು) ಎಳೆಯಿರಿ, ಕರೆಂಟ್ ವೈರಿನ ಜೊತೆಜೊತೆಗೆ ಬೇಡ. ಮೈಕಿನಿಂದ ಬಂದ ದನಿ ಮತ್ತೆ ಅದೇ ಔಟ್‌ಪುಟ್‌ಗೆ ಹೋಗಬಾರದು; ಹೋದರೆ ಕೋಣೆ ಊಳಿಡುತ್ತದೆ, ಸ್ಪೀಕರಿನಲ್ಲಿ ಕೀಚು ದನಿ ಹೊರಡಿಸುವ ಟ್ವೀಟರ್ ಸುಟ್ಟರೂ ಸುಟ್ಟೀತು. ಕಳಿಸುವ ದನಿಯಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದನ್ನೂ 10,000ಕ್ಕಿಂತ ಮೇಲಿನದನ್ನೂ ಕತ್ತರಿಸಿ. ಇದು ಅಬ್ಬೆ ರೋಡಿನದೇ ರೂಢಿ, ಹಾಡು ಕೆಸರಾಗದಿರುವ ಗುಟ್ಟೂ ಇದೇ. ಕೋಣೆಗೆ ಕಳಿಸುವ ಮೊದಲು ದನಿಗೆ 30 ಮಿಲಿಸೆಕೆಂಡು ಡಿಲೇ (ತಡ) ಕೊಟ್ಟರೆ ಗಾಯಕನ ಮಾತು ಸ್ಪಷ್ಟವಾಗಿ ಮುಂದೆ ನಿಲ್ಲುತ್ತದೆ. ಸ್ನೇರ್ ಡ್ರಮ್ ಮತ್ತು ಹಾಡನ್ನು ಧಾರಾಳ ಕಳಿಸಿ, ಕಿಕ್ ಡ್ರಮ್ ಸ್ವಲ್ಪ, ಬೇಸ್ ಗಿಟಾರ್ ಬೇಡವೇ ಬೇಡ. ಕೊಂಬು ವಾದ್ಯ ಸೇರಿಸುವ ತಂಡವಾದರೆ ಅದಕ್ಕೆ ಚಿಟಿಕೆಯಷ್ಟು ಸಾಕು. ಮರಳಿ ಬಂದದ್ದನ್ನು ಬೇರೆ ಟ್ರ್ಯಾಕಿನಲ್ಲಿ, ಗರಿಷ್ಠ −12 ಡಿಬಿ ಮಟ್ಟದಲ್ಲಿ ಮುದ್ರಿಸಿ.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಯ ಸದ್ದು. ಕುಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು, ಗೋದಾಮೂ ಖಾಲಿ ಇರದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಹಾಯಿಸುವ ಡೀಸೆಲ್ ಪಂಪು. ಅಕ್ಟೋಬರಿನ ಬೆಳಿಗ್ಗೆಗಳು ಒಳ್ಳೆಯವು. ಮಧ್ಯಾಹ್ನದ ಮೇಲೆ ಮಳೆ ಬರಬಹುದು, ಸಂಜೆಗೆ ಜೀರುಂಡೆ ಶುರು. ತೇವಕ್ಕೆ ಕಂಡೆನ್ಸರ್ ಮೈಕು ಚಟಪಟ ಎನ್ನುತ್ತದೆ. ಕೆಲಸ ಮುಗಿದೊಡನೆ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ರಾತ್ರಿ ಗೋದಾಮಿನಲ್ಲೇ ಬಿಡಬೇಡಿ.