ಬರಹ ಎಷ್ಟುದ್ದ ಇರಬೇಕು? ಬರೆಯುವ ಮೊದಲೇ ಅಳತೆ ಹಾಕುವ ಬಗೆ

ಮುಂಗಾರು ಹಿಡಿದ ಮೇಲೆ ಮಂಡ್ಯದ ಟೀ ಅಂಗಡಿಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: "ಕಟ್ಟೆ ಎಷ್ಟಾಯ್ತು?" ಕನ್ನಂಬಾಡಿ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಇವತ್ತಿನದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಇಪ್ಪತ್ತು ಪದದಲ್ಲಿ ಉತ್ತರ ಮುಗಿಯಿತು. ಇದನ್ನೇ 1911ರಲ್ಲಿ ಅಣೆಕಟ್ಟೆಯ ಕೆಲಸ ಶುರುವಾದ ಕಥೆಯಿಂದ ಹಿಡಿದು 600 ಪದ ಎಳೆದರೆ, ನೀರಿನ ಮಟ್ಟ ಎಲ್ಲಿ ಬರೆದಿದ್ದಾರೆಂದು ಹುಡುಕುತ್ತ ಓದುಗನ ಬೆರಳು ಸವೆಯುತ್ತದೆ. ಅದೇ ಓದುಗ "ನಾಲೆಗೆ ನೀರು ಬಿಟ್ಟರೂ ಕೊನೇ ಭಾಗದ ಗದ್ದೆಗೆ ಯಾಕೆ ಬರಲ್ಲ?" ಅಂತ ಕೇಳಿದಾಗ ಇಪ್ಪತ್ತು ಪದ ಸಾಲದು. ಹೂಳು, ತೂಬು, ಸರದಿ, ಮೇಲ್ಭಾಗದಲ್ಲಿ ಪಂಪು ಇಟ್ಟು ಎತ್ತುವುದು, ಒಂದೊಂದನ್ನೂ ಬಿಡಿಸಬೇಕು; ಸಾವಿರ ಪದಕ್ಕೆ ಕಡಿಮೆಯಾಗದು. ಎರಡೂ ಕಾವೇರಿ ನೀರಿನ ವಿಷಯವೇ. ಉದ್ದವನ್ನು ಬೇರೆ ಮಾಡಿದ್ದು ಪ್ರಶ್ನೆ.

ಪ್ರಶ್ನೆ ಮೊದಲು, ಸಂಖ್ಯೆ ಆಮೇಲೆ

ಓದುಗ ಯಾವ ಪ್ರಶ್ನೆ ಹಿಡಿದು ಬರುತ್ತಾನೆಂದು ಒಂದೇ ವಾಕ್ಯದಲ್ಲಿ ಬರೆದಿಡಿ. "ಸೋಮನಾಥಪುರದ ಬಗ್ಗೆ" ಎನ್ನುವುದು ಪ್ರಶ್ನೆಯಲ್ಲ, ಅದರ ಬಗ್ಗೆ ಪುಸ್ತಕವನ್ನೇ ಬರೆಯಬಹುದು. "ಮೈಸೂರಿನಿಂದ ಅರ್ಧ ದಿನದಲ್ಲಿ ಸೋಮನಾಥಪುರ ನೋಡಿ ಬರುವುದು ಹೇಗೆ?" ಎನ್ನುವುದು ಪ್ರಶ್ನೆ. ವಾಕ್ಯದ ನಡುವೆ "ಮತ್ತು" ನುಸುಳಿದರೆ ಅನುಮಾನ ಪಡಿ. ಅಲ್ಲಿ ಎರಡು ಬರಹ ಇರಬಹುದು.

ಇನ್ನು ಉತ್ತರಕ್ಕೆ ಏನೇನು ಬೇಕು ಎಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಅಂದಾಜು ಪದ ಹಾಕಿ. ಸೋಮನಾಥಪುರಕ್ಕೆ ಹೀಗಾಗುತ್ತದೆ: ಬನ್ನೂರಿನ ಮೇಲೆ ಹೋಗುವ ದಾರಿ, ಬಸ್ಸು 60, ತೆರೆಯುವ ವೇಳೆ, ಟಿಕೆಟ್ 40, ಕೇಶವ, ಜನಾರ್ದನ, ವೇಣುಗೋಪಾಲರ ಮೂರು ಗರ್ಭಗುಡಿ 150, ಹೊರಗೋಡೆಯ ಪಟ್ಟಿಕೆಗಳನ್ನು ಯಾವ ಕಡೆಯಿಂದ ನೋಡುತ್ತ ಹೋಗಬೇಕು 120, ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿರುವ ವಿಗ್ರಹಗಳು 50, ಊಟ, ನೀರು 40, ಹೊತ್ತು ಉಳಿದರೆ ತಲಕಾಡು 50. ಒಟ್ಟು 510. ಪ್ರವೇಶಕ್ಕೆ 40 ಸೇರಿಸಿ, 550. ನಿಮ್ಮ ಬರಹದ ಅಳತೆ ಇದು.

ಚೀಟಿಯಲ್ಲಿ ಹೊಯ್ಸಳರ ವಂಶಾವಳಿ ಇಲ್ಲ, ಸಳ ಹುಲಿ ಹೊಡೆದ ಕಥೆಯೂ ಇಲ್ಲ. ಸೋಮನಾಥ ದಂಡನಾಯಕ 1258ರಲ್ಲಿ ಕಟ್ಟಿಸಿದ್ದು, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಗೊತ್ತಿರುವುದನ್ನೆಲ್ಲ ಸುರಿಯಬೇಕೆಂಬ ಆಸೆಯೇ ನಮ್ಮಲ್ಲಿ ಬರಹಗಳು ಉದ್ದವಾಗಲು ಮುಖ್ಯ ಕಾರಣ. ಅದು ವಿದ್ವತ್ತಿನ ಲಕ್ಷಣ ಎಂದುಕೊಂಡವರಿದ್ದಾರೆ. ಓದುಗ ಹಾಗೆ ತಿಳಿಯುವುದಿಲ್ಲ.

ಅಂದಾಜು 1,500 ಪದ ದಾಟಿದರೆ ಬರೆಯಲು ಕೂರಬೇಡಿ, ಚೀಟಿಯನ್ನು ಮತ್ತೆ ನೋಡಿ. ಕನ್ನಂಬಾಡಿ ಕಟ್ಟಿದ ಇತಿಹಾಸ, ಇವತ್ತಿನ ನೀರು ಹಂಚಿಕೆ ಎರಡೂ ಒಂದರಲ್ಲೇ ತುರುಕಿರುತ್ತವೆ. ಬೇರೆ ಮಾಡಿದರೆ ಎರಡೂ ಬದುಕುತ್ತವೆ.

ಕನ್ನಡದ ಪದವನ್ನು ಕನ್ನಡದ ಲೆಕ್ಕದಲ್ಲೇ ಎಣಿಸಿ

ಇಂಗ್ಲಿಷ್ ಸಲಹೆಗಳಲ್ಲಿ ಬರುವ "ಸಾವಿರ ಪದ ಬರೆಯಿರಿ" ಎಂಬ ಮಾತನ್ನು ಹಾಗೇ ಎತ್ತಿಕೊಂಡರೆ ಇಲ್ಲಿ ಎಡವುತ್ತೀರಿ. ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ. "ಮೈಸೂರಿನಿಂದ ಬನ್ನೂರಿಗೆ ಹೋಗುವವರಿಗೆ" ಎಂಬ ಮೂರು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ಎಂಟು ಪದ ಬೇಕು. ಆದ್ದರಿಂದ ಕನ್ನಡದ ಸಾವಿರ ಪದ ಇಂಗ್ಲಿಷಿನ ಸಾವಿರಕ್ಕಿಂತ ತುಂಬ ದೊಡ್ಡ ಬರಹ. ಅಲ್ಲಿಯ ಸಾವಿರಕ್ಕೆ ಇಲ್ಲಿ 650ರಿಂದ 750 ಎಂದು ಹಿಡಿದರೆ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಯಂತ್ರದ ಎಣಿಕೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅದು ನಡುವಿನ ಖಾಲಿ ಜಾಗ ನೋಡಿ ಎಣಿಸುತ್ತದೆ. "ಮಾಡಿಕೊಳ್ಳಬೇಕು" ಒಂದು ಪದ. ಬಿಡಿಸಿ "ಮಾಡಿ ಕೊಳ್ಳ ಬೇಕು" ಎಂದು ಹೊಡೆದರೆ ಮೂರು. ಇಬ್ಬರು ಬರೆದ 800 ಪದದ ಲೇಖನಗಳು ಪುಟದಲ್ಲಿ ಬೇರೆ ಬೇರೆ ಜಾಗ ಹಿಡಿಯುವುದು ಇದರಿಂದಲೇ. ಅಕ್ಷರದ ಎಣಿಕೆ ಇನ್ನೂ ತಮಾಷೆ: "ಮಂಡ್ಯ" ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರು ಅಕ್ಷರ ಗುರುತಿಸುವ ಯೂನಿಕೋಡ್ ಪದ್ಧತಿಗೆ ಐದು. "ಮೈಸೂರು" ಮೂರಲ್ಲ, ಆರು. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಎಸ್ಸೆಮ್ಮೆಸ್ ಕನ್ನಡದಲ್ಲಿ 70ಕ್ಕೇ ನಿಲ್ಲುತ್ತದೆ, ಆ 70ರಲ್ಲಿ ಒತ್ತು, ಕಾಗುಣಿತ ಎಲ್ಲ ಬೇರೆಬೇರೆಯಾಗಿ ಲೆಕ್ಕ. ಸಂಘದ ಸಭೆಗೆ ಕರೆಯುವ ಸಂದೇಶ ಅರ್ಧಕ್ಕೆ ತುಂಡಾದರೆ ಮೊಬೈಲನ್ನು ಬೈಯುವ ಮುಂಚೆ ಇದನ್ನು ನೆನೆಯಿರಿ.

ಓದಲು ಎಷ್ಟು ಹೊತ್ತು ಬೇಕೆಂದು ತಿಳಿಯಲು ಸುಲಭದ ದಾರಿ ಇದೆ. ಗಡಿಯಾರ ಇಟ್ಟುಕೊಂಡು ನಿಮ್ಮದೇ ಬರಹವನ್ನು ಒಂದು ನಿಮಿಷ ಗಟ್ಟಿಯಾಗಿ ಓದಿ, ಎಷ್ಟು ಪದವಾಯಿತೆಂದು ಎಣಿಸಿ. ಒಟ್ಟು ಪದವನ್ನು ಅದರಿಂದ ಭಾಗಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಮನಸ್ಸಿನಲ್ಲಿ ಓದುವವರಿಗೆ ಇನ್ನೂ ಕಡಿಮೆ ಹೊತ್ತು ಸಾಕು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಆಕಾಶವಾಣಿ ಶುರುಮಾಡಿದ ಊರು ಮೈಸೂರು. ಬರಹವನ್ನು ನಿಮಿಷದಲ್ಲಿ ಅಳೆಯುವುದು ಇಲ್ಲಿಯವರಿಗೆ ಹೊಸದಾಗಬಾರದು.

ಗಿಡ್ಡವಾದರೆ ಕೆಡುವುದು ಎಲ್ಲಿ

ಉದ್ದದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಗಿಡ್ಡ ಬರಹ ಮಾಡುವ ಹಾನಿಯನ್ನು ಯಾರೂ ಹೇಳುವುದಿಲ್ಲ. ಮೈಸೂರು ಪಾಕಿನ ವಿಧಾನ ತೆಗೆದುಕೊಳ್ಳಿ. "ಪಾಕ ಹದಕ್ಕೆ ಬಂದಾಗ ಕಡಲೆಹಿಟ್ಟು ಹಾಕಿ ಕೈಯಾಡಿಸಿ, ತುಪ್ಪ ಸುರಿದು ಇಳಿಸಿ." ಒಂಬತ್ತು ಪದ, ಚೊಕ್ಕವಾಗಿದೆ, ಇದನ್ನು ನಂಬಿದವರ ತಟ್ಟೆಯಲ್ಲಿ ಬರುವುದು ಕಲ್ಲು ಇಲ್ಲವೇ ಹಲ್ವ. ಹದ ಎಂದರೆ ಏನು? ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೆಳೆ ಬರಬೇಕು. ತುಪ್ಪ ಹೇಗಿರಬೇಕು? ಪಕ್ಕದ ಒಲೆಯಲ್ಲಿ ಕಾಯುತ್ತಲೇ ಇರಬೇಕು, ಸೌಟು ಸೌಟಾಗಿ ಬೀಳಬೇಕು; ಆರಿದ ತುಪ್ಪಕ್ಕೆ ಹಿಟ್ಟು ನೊರೆಯೇಳುವುದಿಲ್ಲ, ಜಾಲರಿ ಕಟ್ಟುವುದಿಲ್ಲ. ಇಳಿಸುವುದು ಯಾವಾಗ? ನೊರೆಯೆದ್ದು ಬಾಣಲೆಯ ಅಂಚು ಬಿಟ್ಟ ಕೂಡಲೇ. ಮುಂಚೆ ಇಳಿಸಿದರೆ ಮೆತ್ತಗೆ, ತಡವಾದರೆ ಗಟ್ಟಿ. ಸೇರಿಸಿದ್ದು ನಾಲ್ಕಾರು ಸಾಲು, ಪಾಕ ಗೆಲ್ಲುವುದು ಅವುಗಳಿಂದಲೇ.

"ಹದವಾಗಿ", "ತಕ್ಕಷ್ಟು", "ಸಕಾಲದಲ್ಲಿ" ಎಂದು ಬರೆದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಅಲ್ಲಿ ಪದ ಕಡಿಮೆಯಾಗಿದೆ. ಕೂಳೆ ಕಬ್ಬಿನ (ಕಟಾವಾದ ಬುಡದಿಂದ ಮತ್ತೆ ಚಿಗುರುವ ಬೆಳೆಯ) ಬಗ್ಗೆ ಬರೆಯುವಾಗ "ಬುಡ ಸರಿಯಾಗಿ ಕತ್ತರಿಸಿ" ಎಂದರೆ ಸಾಲದು; ಮಚ್ಚು ನೆಲಮಟ್ಟಕ್ಕೆ ಆಡಬೇಕು, ಮೋಟು ಎತ್ತರ ಉಳಿದರೆ ಮೇಲಿನ ಕಣ್ಣು ಚಿಗುರಿ ಬೇರು ಮಣ್ಣಿಗಿಳಿಯದೆ ಪೈರು ಸೊರಗುತ್ತದೆ ಎಂದು ಕಾರಣವನ್ನೂ ಹೇಳಿ. ಅದೇ ಲೇಖನ "ಕಬ್ಬು ಒಂದು ಪ್ರಮುಖ ವಾಣಿಜ್ಯ ಬೆಳೆಯಾಗಿದೆ" ಎಂದು ಶುರುವಾದರೆ, ಮಂಡ್ಯದ ರೈತನಿಗೆ ಹೇಳುವ ಮಾತೇ ಅದು?

ಕತ್ತರಿ ಎಲ್ಲಿಡಬೇಕು

ಅಳತೆ 550 ಆದರೆ 700ರವರೆಗೆ ಧಾರಾಳವಾಗಿ ಬರೆಯಿರಿ, ಒಂದು ರಾತ್ರಿ ಬಿಟ್ಟು ಕತ್ತರಿಸಿ. ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ. ಏನೂ ತಪ್ಪಿಹೋಗದಿದ್ದರೆ ಅದು ಗಂಟಲು ಸರಿಮಾಡಿಕೊಂಡದ್ದು ಅಷ್ಟೇ, ತೆಗೆಯಿರಿ. ಕೊನೆಯ ಪ್ಯಾರಾಕ್ಕೂ ಇದೇ ಪರೀಕ್ಷೆ.

ಆಮೇಲೆ ಕಚೇರಿ ಕನ್ನಡವನ್ನು ಹಿಡಿಯಿರಿ. "ನೀರನ್ನು ಬಿಡುಗಡೆ ಮಾಡುವ ಕಾರ್ಯವನ್ನು ಕೈಗೊಳ್ಳಲಾಯಿತು" ಐದು ಪದ, "ನೀರು ಬಿಟ್ಟರು" ಎರಡು. "ಎಂದರೆ ತಪ್ಪಾಗಲಾರದು", "ಈ ನಿಟ್ಟಿನಲ್ಲಿ", "ಎಂಬುದು ಗಮನಾರ್ಹ" ಇವನ್ನೆಲ್ಲ ಕಿತ್ತರೂ ವಾಕ್ಯ ನಿಂತೇ ಇರುತ್ತದೆ. ಹೆಚ್ಚಿನ ಬರಹಗಳಲ್ಲಿ ಬರೀ ಇಷ್ಟರಿಂದಲೇ ಬೇಕಾದಷ್ಟು ಇಳಿಯುತ್ತದೆ. ಅಳತೆ, ಹೊತ್ತು, ಕಾರಣ, ಎಚ್ಚರಿಕೆ ಈ ನಾಲ್ಕನ್ನು ಮಾತ್ರ ಕತ್ತರಿಸಬೇಡಿ. ಜಾಗ ಸಾಲದಿದ್ದರೆ ವಿಷಯವನ್ನೇ ಚಿಕ್ಕದು ಮಾಡಿ.

ಉದ್ದ ಬರೆದರೆ ಗೂಗಲ್ ಮೇಲೆ ತೋರಿಸುತ್ತದೆ ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ತನಗೆ ಇಷ್ಟೇ ಪದ ಬೇಕೆಂಬ ಲೆಕ್ಕವಿಲ್ಲ ಎಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ.

ಕತ್ತರಿಸಿದ ಮೇಲೆ ವಿಷಯ ಗೊತ್ತಿಲ್ಲದವರೊಬ್ಬರ ಕೈಗೆ ಮೊಬೈಲಿನಲ್ಲೇ ಕೊಟ್ಟು ಸುಮ್ಮನೆ ಬೆರಳು ನೋಡಿ. ಸರ್ರನೆ ಜಾರಿಸಿದ ಕಡೆ ಹೆಚ್ಚಾಗಿದೆ, ಹಿಂದಕ್ಕೆ ಎಳೆದು ಮತ್ತೆ ಓದಿದ ಕಡೆ ಕಡಿಮೆಯಾಗಿದೆ. "ಹೇಗಿದೆ?" ಅಂತ ಕೇಳಬೇಡಿ. ಚೆನ್ನಾಗಿದೆ ಅಂತಲೇ ಅನ್ನುತ್ತಾರೆ.

ಬಸ್ಸಿನ ವೇಳೆ, ಟಿಕೆಟ್ ದರದಂಥ ಬದಲಾಗುವ ವಿವರಗಳನ್ನು ಒಂದೇ ಪ್ಯಾರಾದಲ್ಲಿ ಕೂಡಿಸಿಡಿ. ವರ್ಷದ ನಂತರ ತಿದ್ದುವಾಗ ಹೊಸ ಸಾಲು ಹಾಕಿದರೆ ಹಳೆಯದನ್ನು ಅಳಿಸಿ. "ಈಗ ಬದಲಾಗಿದೆ" ಎಂದು ಕೆಳಗೆ ತೇಪೆ ಹಚ್ಚುತ್ತ ಹೋದರೆ ಬರಹ ಉದ್ದವಾಗುತ್ತದೆ, ಅರ್ಧಕ್ಕೇ ಓದಿ ಎದ್ದವರು ಹಳೇ ವೇಳೆ ನಂಬಿಕೊಂಡು ಬನ್ನೂರಿನ ನಿಲ್ದಾಣದಲ್ಲಿ ಕಾಯುತ್ತ ನಿಂತಿರುತ್ತಾರೆ.